ಚಾವಣಿಯಿಲ್ಲದ ಕಂಬ

ಶಿಲ್ಪವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಒಂದು ಆಕೃತಿ. ಬೇಲೂರಿನ ಮದನಿಕೆಯ ಎದುರು ನಿಂತರೂ ಸರಿ, ಬೆಳಗೊಳದ ಬೆಟ್ಟವನ್ನು ಹತ್ತಿ ಗೊಮ್ಮಟನ ಅಡಿಯಲ್ಲಿ ನಿಂತರೂ ಸರಿ, ಊರ ತೇರಿನ ಮೈತುಂಬ ಕೆತ್ತಿದ ಮರದ ಗೊಂಬೆಗಳನ್ನು ನೋಡಿದರೂ ಸರಿ, ನಾವು ಮೊದಲು ಕೇಳುವ ಪ್ರಶ್ನೆ 'ಇದು ಯಾರು?' ಎಂಬುದು. ಉತ್ತರ ದೊರೆತೊಡನೆ ಮನಸ್ಸು ನೆಮ್ಮದಿಗೊಳ್ಳುತ್ತದೆ. ಆಮೇಲೆ ಕೆತ್ತನೆಯ ಸೊಗಸಿನ ಕಡೆಗೆ ತಿರುಗುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಶಿಲ್ಪಗಳಿರುವ ಕಲಾಶಾಲೆಯನ್ನು ಹೊಕ್ಕವನಿಗೆ ಈ ನೆಮ್ಮದಿ ಸುಲಭವಾಗಿ ಸಿಗುವುದಿಲ್ಲ. ಅಲ್ಲಿ ಅವನ ಎದುರಿಗಿರುವುದು ಒಂದು ಮರದ ದಿಮ್ಮಿ. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಒಂದು ಕಡೆ ತೂತು, ಇನ್ನೊಂದು ಕಡೆ ಕಚ್ಚು. ಅವನ ಬಾಯಿಂದ ಹೊರಡುವ ಪ್ರಶ್ನೆ 'ಇದು ಯಾರು?' ಎಂದಲ್ಲ, 'ಇದು ಏನು?' ಎಂದು. ಪಕ್ಕದ ಫಲಕವನ್ನು ಓದಿದರೆ ಅಲ್ಲಿ 'ಸಾಕ್ರೆಟೀಸ್' ಎಂದೋ, 'ಅನಂತ' ಎಂದೋ ಬರೆದಿರುತ್ತದೆ. ಕೆಲವರು ತಲೆದೂಗುತ್ತಾರೆ, ಕೆಲವರು ನಗುತ್ತಾರೆ. ಹೆಚ್ಚು ಜನ ತಮಗೆ ತಿಳಿಯದೆಂದು ಸಂಕೋಚಪಟ್ಟು ಮುಂದೆ ಸಾಗುತ್ತಾರೆ.

ಈ ಸಂಕೋಚಕ್ಕೆ ಕಾರಣವಿಲ್ಲದಿಲ್ಲ. ತತ್ತ್ವವೆಂಬುದು ಮಾತಿನ ಲೋಕಕ್ಕೆ ಸೇರಿದ್ದು. ಅದು ವಾದದಲ್ಲಿ, ಸೂತ್ರದಲ್ಲಿ, ವ್ಯಾಖ್ಯಾನದಲ್ಲಿ ಬೆಳೆಯುತ್ತದೆ. ಮಾತಿಲ್ಲದ ಮರ ತತ್ತ್ವವನ್ನು ಹೇಳಬಲ್ಲದೆ? ಹೇಳಬಲ್ಲದಾದರೆ, ಆ ತತ್ತ್ವ ಇರುವುದು ಮರದಲ್ಲಿಯೋ, ಮರದ ಪಕ್ಕದ ಫಲಕದಲ್ಲಿಯೋ? ಈ ಎರಡು ಪ್ರಶ್ನೆಗಳನ್ನು ಒಬ್ಬನೇ ಶಿಲ್ಪಿಯ ಕೆಲಸವನ್ನು ಮುಂದಿಟ್ಟುಕೊಂಡು ವಿಚಾರಿಸಬೇಕೆಂದು ನನ್ನ ಆಸೆ. ಆತ ರುಮೇನಿಯದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬಾಳಿದ ಕಾನ್ಸ್ಟಾಂಟಿನ್ ಬ್ರಾಂಕುಸಿ.

ಈ ಪ್ರಶ್ನೆ ಕಲಾರಸಿಕರ ಹರಟೆಗಷ್ಟೇ ಸೇರಿದ್ದಲ್ಲ. ಒಮ್ಮೆ ನ್ಯಾಯಾಲಯದ ಕಟ್ಟೆಯನ್ನೂ ಏರಿತ್ತು. 1926ರಲ್ಲಿ ಬ್ರಾಂಕುಸಿಯ 'ಆಕಾಶದಲ್ಲಿ ಹಕ್ಕಿ' ಎಂಬ ಕಂಚಿನ ಶಿಲ್ಪ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿತು. ಕಲಾಕೃತಿಗೆ ಅಮೆರಿಕದಲ್ಲಿ ಸುಂಕವಿರಲಿಲ್ಲ. ಆದರೆ ಸುಂಕದ ಅಧಿಕಾರಿಗಳಿಗೆ ಅದರಲ್ಲಿ ರೆಕ್ಕೆಯೂ ಕಾಣಲಿಲ್ಲ, ಕೊಕ್ಕೂ ಕಾಣಲಿಲ್ಲ. ಅವರು ಅದನ್ನು ಅಡುಗೆಮನೆಯ ಸಾಮಾನು, ಆಸ್ಪತ್ರೆಯ ಸಲಕರಣೆಗಳ ವರ್ಗಕ್ಕೆ ಸೇರಿಸಿ ಶೇಕಡ 40ರಷ್ಟು ಸುಂಕ ಹಾಕಿದರು. ಶಿಲ್ಪವೆಂದರೆ ಪ್ರಕೃತಿಯ ವಸ್ತುಗಳ ಅನುಕರಣೆ ಎಂಬುದು ಅಂದಿನ ಕಾನೂನಿನ ತಿಳಿವಳಿಕೆ. ಮೊಕದ್ದಮೆ ನಡೆದು 1928ರಲ್ಲಿ ತೀರ್ಪು ಶಿಲ್ಪಿಯ ಪರವಾಗಿ ಬಂದಿತು. ಪ್ರಕೃತಿಯ ವಸ್ತುಗಳನ್ನು ಅನುಕರಿಸುವುದಕ್ಕಿಂತ ಅಮೂರ್ತವಾದ ಭಾವನೆಗಳನ್ನು ರೂಪಿಸಲೆಳಸುವ ಕಲೆಯ ಹೊಸ ಪಂಥವೊಂದು ಬೆಳೆಯುತ್ತಿದೆ. ನಾವು ಅದನ್ನು ಮೆಚ್ಚಲಿ ಬಿಡಲಿ, ಅದು ಇದೆ ಎಂಬುದನ್ನು ಒಪ್ಪಬೇಕು ಎಂಬುದು ಆ ತೀರ್ಪಿನ ಸಾರಾಂಶ. ನ್ಯಾಯಾಲಯ ಅಮೂರ್ತ ಶಿಲ್ಪಕ್ಕೆ ಬಾಗಿಲು ತೆರೆಯಿತು. ಆದರೆ ರೂಪ ಭಾವನೆಯನ್ನು ಹೇಗೆ ಹೊರುತ್ತದೆ ಎಂಬುದನ್ನು ನ್ಯಾಯಾಲಯ ಹೇಳಬೇಕಾಗಿರಲಿಲ್ಲ. ಅದನ್ನು ಹೇಳಬೇಕಾದುದು ಶಿಲ್ಪವೇ.

ಆ ಹಕ್ಕಿ ಕಂಚಿನದು. ನಾನು ಹೇಳಹೊರಟಿರುವುದು ಮರದ ಸಂಗತಿ. ಬ್ರಾಂಕುಸಿಯ ಕೈಯಲ್ಲಿ ಇವೆರಡರ ದಾರಿ ಬೇರೆ ಬೇರೆ. ಕಂಚನ್ನೂ ಅಮೃತಶಿಲೆಯನ್ನೂ ಆತ ಮುಖ ಕಾಣುವಷ್ಟು ನುಣುಪಾಗಿ ಉಜ್ಜುತ್ತಿದ್ದ. ಅಲ್ಲಿ ವಸ್ತುವಿನ ಭಾರ ಕರಗಿ ಬೆಳಕು ಮಾತ್ರ ಉಳಿಯಬೇಕು. ಮರವನ್ನು ಮಾತ್ರ ಬಹುಮಟ್ಟಿಗೆ ಒರಟಾಗಿಯೇ ಬಿಡುತ್ತಿದ್ದ. ಕೊಡಲಿಯ ಏಟು, ಗರಗಸದ ಗೀರು, ಒಣಗಿ ಬಿಟ್ಟ ಬಿರುಕು, ಎಲ್ಲವೂ ಅಲ್ಲಿ ಹಾಗೆಯೇ ಇರುತ್ತವೆ. ಇದಕ್ಕೆ ಆತ ಹುಟ್ಟಿ ಬೆಳೆದ ನೆಲವೇ ಕಾರಣವಿರಬೇಕು.

ಬ್ರಾಂಕುಸಿ ಹುಟ್ಟಿದ್ದು 1876ರಲ್ಲಿ, ಕಾರ್ಪಾಥಿಯನ್ ಬೆಟ್ಟಗಳ ತಪ್ಪಲಿನ ಹೊಬಿತ್ಸಾ ಎಂಬ ಹಳ್ಳಿಯಲ್ಲಿ, ರೈತರ ಮನೆಯಲ್ಲಿ. ಚಿಕ್ಕವನಾಗಿದ್ದಾಗ ಕುರಿ ಕಾದವನು. ಆ ಸೀಮೆಯಲ್ಲಿ ಮರವೇ ಬದುಕು. ಹೆಬ್ಬಾಗಿಲು ಮರದ್ದು, ಜಗುಲಿಯ ಕಂಬ ಮರದ್ದು, ದ್ರಾಕ್ಷಿ ಹಿಂಡುವ ಯಂತ್ರದ ತಿರುಪು ಮರದ್ದು, ಉಣ್ಣುವ ಚಮಚ ಮರದ್ದು; ಕೊನೆಗೆ ಗೋರಿಯ ಬಳಿ ನೆಡುವ ಗುರುತಿನ ಕಂಬವೂ ಮರದ್ದು. ಇವೆಲ್ಲಕ್ಕೂ ಹಲ್ಲುಹಲ್ಲಾಗಿ, ಚೌಕಚೌಕವಾಗಿ ಕೆತ್ತನೆ ಮಾಡುವುದು ಅಲ್ಲಿಯ ಬಡಗಿಗಳ ಹಳೆಯ ವಾಡಿಕೆ. ಹುಡುಗ ಮನೆ ಬಿಟ್ಟು ಪಟ್ಟಣ ಸೇರಿದ. ಕ್ರಾಯೋವಾದ ಕೈಗಾರಿಕಾ ಶಾಲೆಯಲ್ಲಿ ಮರಗೆಲಸ ಕಲಿತ. ಅನಂತರ ಬುಕಾರೆಸ್ಟಿನ ಕಲಾಶಾಲೆಯಲ್ಲಿ ಓದಿದ. 1904ರಲ್ಲಿ ಬಹುದೂರ ಕಾಲ್ನಡಿಗೆಯಲ್ಲಿಯೇ ಸಾಗಿ ಪ್ಯಾರಿಸ್ ಮುಟ್ಟಿದ. 1907ರಲ್ಲಿ ಜಗತ್ಪ್ರಸಿದ್ಧ ರೊದಾಂನ ಕಾರ್ಯಾಗಾರದಲ್ಲಿ ಕೆಲಸ ಸಿಕ್ಕಿತು. ಕೆಲವೇ ವಾರಗಳಲ್ಲಿ ಅದನ್ನು ಬಿಟ್ಟ. ದೊಡ್ಡ ಮರಗಳ ಕೆಳಗೆ ಏನೂ ಬೆಳೆಯದು ಎಂಬರ್ಥದ ಆತನ ಮಾತು ಕಲಾಚರಿತ್ರೆಯಲ್ಲಿ ನಿಂತುಹೋಗಿದೆ.

ಆ ಮಾತಿನಲ್ಲಿ ಸ್ವಾಭಿಮಾನವಿದೆ. ಆದರೆ ಅವರಿಬ್ಬರನ್ನು ಬೇರ್ಪಡಿಸಿದ ದೊಡ್ಡ ಸಂಗತಿ ಕೆಲಸದ ಕ್ರಮಕ್ಕೆ ಸೇರಿದ್ದು. ರೊದಾಂನ ಕಾರ್ಯಾಗಾರದಲ್ಲಿ ಗುರು ಜೇಡಿಮಣ್ಣಿನಲ್ಲಿ ಮಾದರಿ ಮಾಡುತ್ತಿದ್ದ. ಅಳತೆ ಹಿಡಿದು ಅದನ್ನು ಕಲ್ಲಿಗೆ ಇಳಿಸುವುದು ಸಹಾಯಕರ ಕೆಲಸ. ಮಣ್ಣಿನಲ್ಲಿ ತಪ್ಪಿದರೆ ಮತ್ತೆ ಮೆತ್ತಬಹುದು. ಬ್ರಾಂಕುಸಿ ಮಾದರಿಯನ್ನು ಬಿಟ್ಟು ನೇರವಾಗಿ ಕಲ್ಲಿಗೂ ಮರಕ್ಕೂ ಉಳಿ ಹಚ್ಚಿದ. ಇಲ್ಲಿ ತೆಗೆದದ್ದನ್ನು ಮತ್ತೆ ಸೇರಿಸುವಂತಿಲ್ಲ. ಮರದಲ್ಲಂತೂ ಇನ್ನೊಂದು ಕಟ್ಟಿದೆ. ಅದಕ್ಕೆ ತನ್ನದೇ ಎಳೆಯ ದಾರಿ ಇದೆ, ಗಂಟಿದೆ, ಚೇಗಿದೆ. ಎಳೆಗೆ ವಿರುದ್ಧವಾಗಿ ಹೋದರೆ ಸೀಳುತ್ತದೆ. ಆದುದರಿಂದ ಮರದೊಡನೆ ಕೆಲಸ ಮಾಡುವವನು ತನ್ನ ಇಚ್ಛೆಯನ್ನು ಅದರ ಮೇಲೆ ಹೇರುವಂತಿಲ್ಲ. ಅದರ ಸ್ವಭಾವವನ್ನು ಕೇಳಿಕೊಂಡು ನಡೆಯಬೇಕು. ಆತ ಬಳಸಿದ ಮರವಾದರೂ ಎಂಥದು? ಎಷ್ಟೋ ಸಲ ಅದು ಪ್ಯಾರಿಸ್ಸಿನಲ್ಲಿ ಕೆಡವಿದ ಹಳೆಯ ಮನೆಗಳ ಓಕ್ ಮರದ ತೊಲೆ. ಒಂದು ಬಾಳನ್ನು ಆಗಲೇ ಬಾಳಿ ಮುಗಿಸಿದ ಮರ ಅದು. ಒಂದು ತತ್ತ್ವವನ್ನು ಮೊದಲು ಯೋಚಿಸಿ, ಆಮೇಲೆ ಮರಕ್ಕೆ ತೊಡಿಸುವುದಲ್ಲ. ಕಡಿಯುತ್ತ ಕಡಿಯುತ್ತ ಯೋಚಿಸುವುದು ಇಲ್ಲಿಯ ಕ್ರಮ. ಇದು ಬೇಡ, ಇದೂ ಬೇಡ ಎಂದು ಬಿಡುತ್ತ ಹೋಗುವ ಈ ದಾರಿಯನ್ನು ಕಂಡಾಗ ಉಪನಿಷತ್ತಿನ 'ನೇತಿ' ನಮಗೆ ನೆನಪಾದರೆ ತಪ್ಪಿಲ್ಲ. ಆದರೆ ಬಿಡುವುದೊಂದೇ ಸಾಲದು. ಬರಿದೇ ತೆಗೆಯುತ್ತ ಹೋದರೆ ಕೊನೆಗೆ ಉಳಿಯುವುದು ಬೆಂಕಿಕಡ್ಡಿ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದರಲ್ಲಿ ಶಿಲ್ಪಿಯ ವಿವೇಕವಿದೆ.

ಇನ್ನು ಕೃತಿಗಳನ್ನು ನೋಡೋಣ. 1922ರಲ್ಲಿ ಬ್ರಾಂಕುಸಿ ಓಕ್ ಮರದಲ್ಲಿ 'ಸಾಕ್ರೆಟೀಸ್' ಎಂಬ ಶಿಲ್ಪವನ್ನು ಕೆತ್ತಿದ. ಅದು ಈಗ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿದೆ. ಸಣ್ಣನೆಯ ಆಧಾರದ ಮೇಲೆ ದಪ್ಪನೆಯ ತಲೆ; ತಲೆಯಲ್ಲಿ ದೊಡ್ಡದೊಂದು ರಂಧ್ರ. ಮುಖವಿಲ್ಲ, ಗಡ್ಡವಿಲ್ಲ. ಆತನ ಆಪ್ತಮಿತ್ರ, ಸಂಗೀತಗಾರ ಎರಿಕ್ ಸಾತಿ ಅದಕ್ಕೆ ಕೆಲವು ವರ್ಷ ಮೊದಲು ಸಾಕ್ರೆಟೀಸನನ್ನೇ ಕುರಿತು ಗಾನಕೃತಿಯೊಂದನ್ನು ರಚಿಸಿದ್ದ. ಅದರ ಪ್ರೇರಣೆ ಇದ್ದೀತು. ಆ ರಂಧ್ರವನ್ನು ನೋಡುತ್ತ ನಿಂತರೆ ಅರ್ಥಗಳು ತಾವಾಗಿ ಬರುತ್ತವೆ. ತನಗೇನೂ ತಿಳಿಯದೆಂಬುದೊಂದೇ ತನಗೆ ತಿಳಿದಿದೆ ಎಂದವನ ತಲೆ ತೆರೆದೇ ಇರಬೇಕಲ್ಲವೆ? ಲೋಕವೆಲ್ಲ ಅದರೊಳಗೆ ಹಾದುಹೋಗಲು ಎಡೆಯಿರಬೇಕಲ್ಲವೆ? ವಚನಗಳನ್ನು ಓದಿದ ಕನ್ನಡಿಗನಿಗೆ 'ಬಯಲು' ಎಂಬ ಮಾತೂ ಇಲ್ಲಿ ಸಹಜವಾಗಿ ನೆನಪಿಗೆ ಬರುತ್ತದೆ. ಸಾಕ್ರೆಟೀಸನ ಜೊತೆಗಾರನಾಗಿ ಬ್ರಾಂಕುಸಿ 'ಪ್ಲೇಟೋ' ಎಂಬ ಶಿಲ್ಪವನ್ನೂ ಮರದಲ್ಲಿ ಮಾಡಿದ್ದ. ಅದು ಆತನಿಗೆ ಒಪ್ಪಿಗೆಯಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಅದನ್ನು ಕೊಯ್ದುಹಾಕಿದ. ಉಳಿದ ತಲೆಯೊಂದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ತತ್ತ್ವಜ್ಞಾನಿಯ ಹೆಸರು ಇಟ್ಟ ಮಾತ್ರಕ್ಕೆ ಮರ ತತ್ತ್ವವನ್ನು ನುಡಿಯುವುದಿಲ್ಲವೆಂಬುದು ಶಿಲ್ಪಿಗೂ ತಿಳಿದಿತ್ತು.

ನಮ್ಮ ಎರಡನೆಯ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಆ ರಂಧ್ರದ ತಲೆಗೆ 'ಸಾಕ್ರೆಟೀಸ್' ಎಂಬ ಹೆಸರಿನ ಬದಲು 'ಬಾವಿ' ಎಂದೋ 'ಆರ್ತನಾದ' ಎಂದೋ ಹೆಸರಿಟ್ಟಿದ್ದರೆ? ಮರ ಪ್ರತಿಭಟಿಸುತ್ತಿರಲಿಲ್ಲ. ನಾವೂ ಆ ಹೆಸರಿಗೆ ತಕ್ಕ ಅರ್ಥವನ್ನು ಹುಡುಕಿಕೊಳ್ಳುತ್ತಿದ್ದೆವು. ಹಾಗಾದರೆ ನಾವು ಮೆಚ್ಚಿದ್ದು ರೂಪವನ್ನೋ, ಹೆಸರನ್ನೋ?

ಈ ಸಂದೇಹವನ್ನು ಇನ್ನಷ್ಟು ತೀವ್ರಗೊಳಿಸುವ ಕೃತಿಯೊಂದಿದೆ. ಅದರ ಕಥೆ ನಮ್ಮ ದೇಶಕ್ಕೂ ಸಂಬಂಧಪಟ್ಟದ್ದು. ಬ್ರಾಂಕುಸಿಗೆ ಬಹಳ ಪ್ರಿಯವಾಗಿದ್ದ ಗ್ರಂಥಗಳಲ್ಲಿ ಟಿಬೆಟ್ಟಿನ ಯೋಗಿ ಮಿಲರೇಪನ ಜೀವನಚರಿತ್ರೆ ಒಂದು. ಅದರ ಫ್ರೆಂಚ್ ಅನುವಾದ 1925ರಲ್ಲಿ ಹೊರಬಂದಿತ್ತು. ಹೀಗೆ ಪೂರ್ವದೇಶದ ಕಡೆಗೆ ಮನಸ್ಸು ಚಾಚಿದ್ದ ಶಿಲ್ಪಿಗೆ 1930ರ ದಶಕದಲ್ಲಿ ಇಂದೂರಿನ ತರುಣ ಮಹಾರಾಜ ಯಶವಂತರಾವ್ ಹೋಳ್ಕರರ ಪರಿಚಯವಾಯಿತು. ಮಹಾರಾಜರು ಆತನ 'ಹಕ್ಕಿ'ಗಳನ್ನು ಕೊಂಡರು. ಅವನ್ನು ಇರಿಸಲು ಇಂದೂರಿನಲ್ಲಿ ಒಂದು ಧ್ಯಾನಮಂದಿರವನ್ನೇ ಕಟ್ಟಬೇಕೆಂಬ ಯೋಜನೆ ಹುಟ್ಟಿತು. ನೆಲದಡಿಯ ದಾರಿಯಿಂದ ಒಳಕ್ಕೆ ಪ್ರವೇಶ, ನಡುವೆ ಸ್ತಬ್ಧವಾದ ನೀರು, ಮೇಲಿನಿಂದ ಇಳಿಯುವ ಬೆಳಕು, ಆ ಬೆಳಕಿನಲ್ಲಿ ಹಕ್ಕಿಗಳು, ಜೊತೆಗೆ ಮರದ ಒಂದು ಮಹಾಮೂರ್ತಿ: ಆ ಮಂದಿರದ ಕಲ್ಪನೆ ಹೀಗಿತ್ತೆಂದು ತಿಳಿದುಬರುತ್ತದೆ. ಮರದ ಆ ಮೂರ್ತಿಗೆ ಮೊದಲಿಗೆ ಇದ್ದ ಹೆಸರು 'ಬುದ್ಧನ ಚೇತನ'.

1937-38ರ ಚಳಿಗಾಲದಲ್ಲಿ ಬ್ರಾಂಕುಸಿ ಇಂದೂರಿಗೆ ಬಂದ. ಅದು ಒಳ್ಳೆಯ ಗಳಿಗೆಯಾಗಿರಲಿಲ್ಲ. ತರುಣಿ ಮಹಾರಾಣಿ ಸಂಯೋಗಿತಾದೇವಿ 1937ರಲ್ಲಿ ತೀರಿಕೊಂಡಿದ್ದರು. ಅರಮನೆಯಲ್ಲಿ ಮೊದಲಿನ ಉತ್ಸಾಹವಿರಲಿಲ್ಲ. ಶಿಲ್ಪಿ ಬರಿಗೈಯಲ್ಲಿ ಹಿಂದಿರುಗಿದ. ಮಂದಿರದ ಒಂದು ಕಲ್ಲನ್ನೂ ಇಡಲಿಲ್ಲ. ಮಹಾರಾಜರು ಕೊಂಡಿದ್ದ ಕಪ್ಪು ಬಿಳಿ ಅಮೃತಶಿಲೆಯ ಎರಡು ಹಕ್ಕಿಗಳು ಕಾಲಾನಂತರದಲ್ಲಿ ಆಸ್ಟ್ರೇಲಿಯದ ಪಾಲಾದವು; 1973ರಲ್ಲಿ ಕ್ಯಾನ್ಬೆರಾದ ರಾಷ್ಟ್ರೀಯ ಕಲಾಸಂಗ್ರಹ ಅವನ್ನು ಕೊಂಡಿತು. ಮರದ ಮೂರ್ತಿ ಶಿಲ್ಪಿಯ ಕಾರ್ಯಾಗಾರದಲ್ಲಿಯೇ ಉಳಿದು, ಕೊನೆಗೆ ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯವನ್ನು ಸೇರಿತು. ಈಗ ಅದರ ಹೆಸರು 'ರಾಜಾಧಿರಾಜ'. ಸುಮಾರು 3 ಮೀಟರ್ ಎತ್ತರದ ಓಕ್ ಮರ. ಮೇಲೆ ಕಿರೀಟದಂಥ ಒಂದು ಭಾಗ. ಕೆಳಗೆ ರುಮೇನಿಯದ ಹಳ್ಳಿಗಳ ದ್ರಾಕ್ಷಿಯಂತ್ರದ ತಿರುಪನ್ನೂ ಜಗುಲಿಯ ಕಂಬವನ್ನೂ ನೆನಪಿಗೆ ತರುವ ಮೈ.

ಒಂದೇ ಮರ; ಒಮ್ಮೆ ಬುದ್ಧ, ಒಮ್ಮೆ ರಾಜಾಧಿರಾಜ. ರಾಜ್ಯವನ್ನು ತೊರೆದವನೇ ನಿಜವಾದ ರಾಜನೆಂದು ಹೇಳಿ ಈ ಎರಡು ಹೆಸರುಗಳಿಗೂ ಸಂಧಾನ ಮಾಡಿಬಿಡಬಹುದು. ಮಾತು ಚೆನ್ನಾಗಿಯೇ ಇದೆ. ಆದರೆ ಆ ಮಾತನ್ನು ಹೇಳುತ್ತಿರುವವರು ನಾವು, ಮರವಲ್ಲ. ಆ ಮೂರ್ತಿಗೆ ತನ್ನ ಅರ್ಥವನ್ನು ಪಡೆಯಲು ಒಂದು ಮಂದಿರ ಬೇಕಾಗಿತ್ತು. ಆ ಮೌನ, ಆ ನೀರು, ಆ ಬೆಳಕು ಬೇಕಾಗಿತ್ತು. ಅವು ದೊರೆಯದೆ ಹೋದದ್ದರಿಂದ ಅದು ಹೆಸರನ್ನು ಆಶ್ರಯಿಸಬೇಕಾಯಿತು. ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡುವವನು ಬೆರಗಾಗುತ್ತಾನೆ; ಧ್ಯಾನಸ್ಥನಾಗುತ್ತಾನೆಂದು ನಾನು ಹೇಳಲಾರೆ.

ಹಾಗಾದರೆ ಅಮೂರ್ತ ಶಿಲ್ಪದ ತತ್ತ್ವವೆಲ್ಲ ಫಲಕದ ಮಾತೇ? ಹಾಗೆಂದು ಕೈಬಿಡುವ ಮೊದಲು ಇನ್ನೊಂದು ಕೃತಿಯನ್ನು ನೋಡಬೇಕು. ಅದರ ಹುಟ್ಟೇ ಸ್ವಾರಸ್ಯವಾದದ್ದು. ಬ್ರಾಂಕುಸಿ ತನ್ನ ಶಿಲ್ಪಗಳಿಗೆ ಪೀಠಗಳನ್ನೂ ತಾನೇ ಕೆತ್ತಿಕೊಳ್ಳುತ್ತಿದ್ದ. ಪೀಠವೆಂದರೆ ಸೇವಕ, ಮೇಲಿರುವುದನ್ನು ಹೊರುವುದು ಅದರ ಧರ್ಮ. ನಡುವೆ ಉಬ್ಬಿ, ಮೇಲೆ ಕೆಳಗೆ ಕಿರಿದಾಗುವ, ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಸೇರಿಸಿಟ್ಟಂಥ ಚೌಕನೆಯ ಒಂದು ಘಟಕವನ್ನು ಆತ ಪೀಠಗಳಲ್ಲಿ ಬಳಸುತ್ತಿದ್ದ. ಅದನ್ನು ಒಂದರ ಮೇಲೊಂದು ಏರಿಸಿದಾಗ ಪೀಠವೇ ಶಿಲ್ಪವಾಯಿತು. ಹೊರಬೇಕಾದದ್ದು ಏನನ್ನೂ ಹೊರದೆ ತಾನೇ ನಿಂತಿತು. 1918ರಲ್ಲಿ ಓಕ್ ಮರದಲ್ಲಿ ಕೆತ್ತಿದ, ಸುಮಾರು 2 ಮೀಟರ್ ಎತ್ತರದ 'ಅನಂತ ಸ್ತಂಭ' ಹೀಗೆ ಬಂದದ್ದು. ಎರಡು ವರ್ಷಗಳ ಮೇಲೆ, ಪ್ಯಾರಿಸ್ಸಿನ ಹೊರಗೆ ವೂಲಾಂಜಿ ಎಂಬಲ್ಲಿ, ಛಾಯಾಗ್ರಾಹಕ ಮಿತ್ರ ಎಡ್ವರ್ಡ್ ಸ್ಟೈಕನ್ನನ ತೋಟದಲ್ಲಿ, ಪಾಪ್ಲರ್ ಮರದಿಂದ ಸುಮಾರು 7 ಮೀಟರ್ ಎತ್ತರದ ಇನ್ನೊಂದು ಸ್ತಂಭವನ್ನು ಕಡಿದು ನಿಲ್ಲಿಸಿದ.

ನಮ್ಮ ಹಳೆಯ ತೊಟ್ಟಿಮನೆಯ ಕಂಬವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಕೆಳಗೆ ಕಲ್ಲಿನ ಪೀಠ, ಮೇಲೆ ಬೋದಿಗೆ, ಅದರ ಮೇಲೆ ತೊಲೆ. ಕಣ್ಣು ಪೀಠದಿಂದ ಹೊರಟು ಬೋದಿಗೆಯವರೆಗೆ ಏರಿ ಅಲ್ಲಿ ವಿಶ್ರಮಿಸುತ್ತದೆ. ಕಂಬದ ಮಾತು ಅಲ್ಲಿಗೆ ಮುಗಿಯಿತು. ಬ್ರಾಂಕುಸಿಯ ಕಂಬಕ್ಕೆ ಬೋದಿಗೆಯಿಲ್ಲ, ತೊಲೆಯಿಲ್ಲ, ಚಾವಣಿಯಿಲ್ಲ. ಕಣ್ಣು ಒಂದು ಘಟಕವನ್ನು ಏರುತ್ತದೆ. ಅದು ಉಬ್ಬಿ ಕಿರಿದಾಗುವಷ್ಟರಲ್ಲಿ ಇನ್ನೊಂದು ಮೊದಲಾಗುತ್ತದೆ. ಎಲ್ಲ ಘಟಕಗಳೂ ಒಂದೇ ಅಳತೆಯವು. ಇದು ಮೊದಲನೆಯದು, ಇದು ಮುಖ್ಯವಾದದ್ದು ಎಂಬ ಭೇದವಿಲ್ಲ. ಜಪಮಾಲೆಯ ಮಣಿಗಳಂತೆ, ಉಸಿರಿನ ಏರಿಳಿತದಂತೆ ಒಂದಾದ ಮೇಲೊಂದು.

ಆದರೆ ಬರಿಯ ಪುನರಾವೃತ್ತಿಯಿಂದ ಅನಂತತೆ ಬರುವುದಿಲ್ಲ. ಹದಿನೈದು ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅದು ಹದಿನೈದು ಮಡಕೆಗಳ ಸಾಲು; ಎಣಿಸಿ ಮುಗಿಸಬಹುದು. ಇಲ್ಲಿ ಶಿಲ್ಪಿ ಮಾಡಿದ ಕೆಲಸ ತೀರ ಚಿಕ್ಕದು, ಅದಕ್ಕೇ ದೊಡ್ಡದು. ಸ್ತಂಭದ ತುದಿಯಲ್ಲಿ ಆತ ಇಡಿಯ ಘಟಕವನ್ನಿಡದೆ ಅರ್ಧ ಘಟಕವನ್ನು ಇಟ್ಟ. ಕಿರಿದಾದ ನಡುವಿನಿಂದ ಹೊರಟ ಮರ ಅಗಲವಾಗುತ್ತ ಹೋಗಿ, ಅತ್ಯಂತ ಅಗಲವಾದ ಎಡೆಯಲ್ಲಿ ಥಟ್ಟನೆ ನಿಂತುಬಿಡುತ್ತದೆ. ಅಲ್ಲಿಯವರೆಗೆ ಏರಿಳಿತಕ್ಕೆ ಒಗ್ಗಿದ ಕಣ್ಣು ಅಲ್ಲಿ ನಿಲ್ಲಲಾರದು. ಉಳಿದ ಅರ್ಧವನ್ನು ಬರಿಯ ಆಕಾಶದಲ್ಲಿ ತಾನೇ ಪೂರೈಸುತ್ತದೆ. ಪೂರೈಸಿದ ಮೇಲೆ ಮುಂದಿನದನ್ನೂ ಎಣಿಸತೊಡಗುತ್ತದೆ. ಮರ ಮುಗಿದ ಮೇಲೂ ಸ್ತಂಭ ಮುಗಿಯುವುದಿಲ್ಲ. ಫಲಕವನ್ನು ಕಿತ್ತೆಸೆಯಿರಿ, ಏನೊಂದನ್ನೂ ತಿಳಿಯದ ಹುಡುಗನನ್ನು ಅದರ ಮುಂದೆ ನಿಲ್ಲಿಸಿರಿ, ಅವನ ಕಣ್ಣೂ ಇದೇ ದಾರಿಯನ್ನು ಹಿಡಿಯುತ್ತದೆ. ಅನಂತತೆ ಎಂಬುದು ಇಲ್ಲಿ ಹೆಸರಲ್ಲ; ನೋಡುವವನ ಕಣ್ಣಿನಲ್ಲಿ ನಡೆಯುವ ಕ್ರಿಯೆ. ಮರ ತತ್ತ್ವವನ್ನು ಹೇಳಬಲ್ಲದೆ ಎಂಬ ಪ್ರಶ್ನೆಗೆ ನನಗೆ ತೋರುವ ಉತ್ತರ ಇದೇ: ಹೇಳಲಾರದು, ಮಾಡಿಸಬಲ್ಲದು.

ಈ ಸ್ತಂಭ ಮುಂದೆ ಕಲಾಶಾಲೆಯ ಗೋಡೆಗಳನ್ನು ದಾಟಿ ಹೊರಗೆ ಬಂದಿತು. ಬ್ರಾಂಕುಸಿಯ ಹುಟ್ಟೂರಿಗೆ ಹತ್ತಿರದ ಪಟ್ಟಣ ತಿರ್ಗು ಜಿಯು. 1916ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಆ ಪ್ರದೇಶವನ್ನು ಕಾಯುತ್ತ ಅನೇಕರು ಮಡಿದಿದ್ದರು. ಅವರಿಗೆ ಒಂದು ಸ್ಮಾರಕ ಬೇಕೆಂದು ಗೊರ್ಜ್ ಜಿಲ್ಲೆಯ ಮಹಿಳಾ ಸಂಘ ಶಿಲ್ಪಿಯನ್ನು ಕೇಳಿತು. ಖಡ್ಗ ಹಿಡಿದ ಯೋಧನನ್ನು ಕೆತ್ತಿಕೊಟ್ಟಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಬ್ರಾಂಕುಸಿ ಕೊಟ್ಟದ್ದು ಕಲ್ಲಿನ ಒಂದು ಮೇಜು, ಕಲ್ಲಿನ ಒಂದು ಹೆಬ್ಬಾಗಿಲು, ಮತ್ತು ಈ ಸ್ತಂಭ. ಬಯಲಿನಲ್ಲಿ ಅಷ್ಟು ಎತ್ತರಕ್ಕೆ ನಿಲ್ಲಬೇಕಾದ್ದರಿಂದ ಸ್ತಂಭವನ್ನು ಲೋಹದಲ್ಲಿ ಮಾಡಬೇಕಾಯಿತು. ಆದರೂ 1937ರಲ್ಲಿ ಎರಕದ ಕಾರ್ಯಾಗಾರದಲ್ಲಿ ಕುಳಿತು ಘಟಕದ ಮಾದರಿಯನ್ನು ಆತ ಮರದಲ್ಲಿ ತನ್ನ ಕೈಯಿಂದಲೇ ಕೆತ್ತಿದ. ಉಬ್ಬಿನ ಅಗಲಕ್ಕೆ ಎರಡರಷ್ಟು ಘಟಕದ ಎತ್ತರ. ಕಿರಿದಾದ ತುದಿ ಆ ಅಗಲದ ಅರ್ಧ. ಹೀಗೆ 45 ಸೆಂಟಿಮೀಟರ್, 90, 180 ಎಂಬ ಸರಳ ಲೆಕ್ಕ. ಎರಕಹೊಯ್ದ ಕಬ್ಬಿಣದ ಘಟಕಗಳನ್ನು ಉಕ್ಕಿನ ಕಂಬಕ್ಕೆ ಮಣಿಗಳಂತೆ ಪೋಣಿಸಿದರು: ಇಡಿಯವು 15, ಕೆಳಗೊಂದು ಅರ್ಧ, ಮೇಲೊಂದು ಅರ್ಧ. ಒಟ್ಟು ಎತ್ತರ 29 ಮೀಟರಿಗಿಂತ ಸ್ವಲ್ಪ ಹೆಚ್ಚು. ಕೆಳಗಿನ ಅರ್ಧವೂ ಅರ್ಥವಿಲ್ಲದ್ದಲ್ಲ. ಸ್ತಂಭ ನೆಲದ ಮೇಲೆ ಶುರುವಾದುದಲ್ಲ, ನೆಲದೊಳಗಿನಿಂದಲೇ ಎದ್ದು ಬರುತ್ತಿದೆ ಎನಿಸುವಂತೆ ಅದು ಮಾಡುತ್ತದೆ. ಮಡಿದವರು ಇರುವುದು ಆ ನೆಲದಲ್ಲಿಯೇ.

1938ರ ಅಕ್ಟೋಬರ್ 27ರಂದು ಸ್ಮಾರಕದ ಉದ್ಘಾಟನೆಯಾಯಿತು. ಬ್ರಾಂಕುಸಿ 1957ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ; ತನ್ನ ಕಾರ್ಯಾಗಾರವನ್ನು ಇದ್ದದ್ದು ಇದ್ದಂತೆ ಫ್ರೆಂಚ್ ಸರ್ಕಾರಕ್ಕೆ ಬರೆದುಕೊಟ್ಟಿದ್ದ. 2024ರಲ್ಲಿ ತಿರ್ಗು ಜಿಯುವಿನ ಸ್ಮಾರಕ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇಂದೂರಿನ ಮಂದಿರವೂ ತಿರ್ಗು ಜಿಯುವಿನ ಸ್ತಂಭವೂ ಒಂದೇ ಕಾಲದ ಕನಸುಗಳು. ಒಂದು ಒಬ್ಬ ರಾಜನಿಗಾಗಿ, ಗೋಡೆಗಳ ನಡುವಿನ ಏಕಾಂತಕ್ಕಾಗಿ ಕಂಡದ್ದು, ಅದು ಕೈಗೂಡಲಿಲ್ಲ. ಇನ್ನೊಂದು ಹೆಸರು ಕೇಳದ ಹಳ್ಳಿಗರಿಗಾಗಿ, ಬಟ್ಟಬಯಲಿಗಾಗಿ ಕಂಡದ್ದು, ಅದು ನಿಂತಿತು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಆ ಸೀಮೆಯ ತಾಯಿಯೊಬ್ಬಳು ಸ್ತಂಭದ ಬಳಿಗೆ ಬಂದಳೆಂದುಕೊಳ್ಳೋಣ. ಅದರ ಮೇಲೆ ಮಗನ ಹೆಸರಿಲ್ಲ, ಮುಖವಿಲ್ಲ, ಸಮಾಧಾನದ ಒಂದು ಅಕ್ಷರವೂ ಇಲ್ಲ. ಅವಳು ಅಮೂರ್ತ ಕಲೆಯ ವಿಚಾರವನ್ನು ಕೇಳಿದವಳಲ್ಲ. ತನ್ನ ಮನೆಯ ಜಗುಲಿಯ ಕಂಬವನ್ನೂ, ಗೋರಿಯ ಬಳಿಯ ಮರದ ಕಂಬವನ್ನೂ ಬಲ್ಲವಳು. ಆ ಎರಡು ಕಂಬಗಳ ಗುರುತನ್ನು ಇಲ್ಲಿ ಹಿಡಿದು ತಲೆಯೆತ್ತಿ ನೋಡಿದರೆ, ಅರ್ಧಕ್ಕೆ ನಿಂತದ್ದನ್ನು ಅವಳ ಕಣ್ಣೇ ಮೇಲಕ್ಕೆ ಮುಂದುವರಿಸಬೇಕು. ಅರ್ಧಕ್ಕೆ ನಿಂತ ಬಾಳುಗಳ ಸ್ಮಾರಕಕ್ಕೆ ಇದಕ್ಕಿಂತ ತಕ್ಕ ರೂಪ ಯಾವುದಿದ್ದೀತೆಂದು ನನಗೆ ತೋರುವುದಿಲ್ಲ.

ಇನ್ನು ಮುಂದೆ ಅಮೂರ್ತವಾದ ಮರದ ಶಿಲ್ಪವೊಂದು ಎದುರಾದಾಗ ಫಲಕವನ್ನು ಓದಲು ಅವಸರಪಡಬೇಕಾಗಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಅದು ನಮ್ಮ ಕಣ್ಣನ್ನು ಯಾವ ದಾರಿಯಲ್ಲಿ ನಡೆಸುತ್ತದೆ, ಎಲ್ಲಿಗೆ ಕರೆದೊಯ್ದು ಬಿಡುತ್ತದೆ ಎಂಬುದನ್ನು ಗಮನಿಸಿದರೆ ಸಾಕು. ಎಲ್ಲಿಗೂ ಕರೆದೊಯ್ಯದಿದ್ದರೆ, ಫಲಕದಲ್ಲಿ ಯಾವ ತತ್ತ್ವಜ್ಞಾನಿಯ ಹೆಸರಿದ್ದರೂ ನಾವು ಸಂಕೋಚವಿಲ್ಲದೆ ಮುಂದೆ ಸಾಗಬಹುದು.